ಕಚ್ಚಾ ಬಣ್ಣ

ಪ್ಯಾಡು ತಂದು ಪಡಸಾಲ್ಯಾಗ ಒಗದು
"ಕಾಕಾ, ನೀಲಿ ಆಗಬೇಕು, ಐತಾರದೊಳಗ"
ಅಂದ್ಲು ಅಣ್ಣನ ಮಗಳು ಶಾಕಾಂಬರಿ.

ನೀಲಿ ಅಂದ್ರ ನಾವು.
ನಮ್ಮ ಅಡ್ಡಹೆಸರ ನೀಲಗಾರ.
ಗುಳೇದಗುಡ್ಡದ ಮಗ್ಗಕ್ಕ ಒಂದು ಕಾಲದಾಗ
ನಮ್ಮ ಹಂಡೇದಾಗ ಮುಳುಗೆದ್ದ ನೂಲ ಹೋಗತಿತ್ತು.
ನನ್ನ ಮದುವ್ಯಾಗ ಅರಿಷಿಣ ಹಚ್ಚಿದ್ರ
ಬೆರಳು ಹಸಿರಾಗಿದ್ವು.

ಪ್ಯಾಡಿನ ಮಾರಿ ನೋಡಿದೆ.
ಬಿಳೀ ಅಂತ ಅನ್ನಬೇಕು, ಅಷ್ಟ.
ಮೊಣಕಾಲ ಹತ್ರ ಹುಲ್ಲಿನ ಕಲೆ,
ಅಲ್ಲಲ್ಲಿ ಚೆಂಡು ಒತ್ತಿ ಹೋದ ಕೆಂಪು ಮುದ್ರಿ.
ಒಳಗ, ಬೆವರಿಗೆ ಹಳದಿಯಾದ ಅರಿವ್ಯಾಗ
ಬಾಲ್‌ಪೆನ್ನಲೆ ಬರದಿತ್ತು:
ಹುದ್ದಾರ, ಬೆಳಗಾವಿ, ೯೧.
ಅವರು ಈಕೀಗೆ ಆಟ ಕಲಿಸೋ ಮಾಸ್ತರು.
ಮೊಣಕಾಲಿನ ಆಪರೇಶನ್ ಆದಮ್ಯಾಲ
"ಇನ್ನ ನನಗ್ಯಾಕ ಇವು" ಅಂತ ಕೊಟ್ಟಬಿಟ್ಟಾರ.

ಈ ಸಲ ಬಣ್ಣದ ಡ್ರೆಸ್ಸಂತ, ಬಿಳೀ ಚೆಂಡಂತ,
ಬಿಳೀ ಪ್ಯಾಡು ಕಟ್ಟಿದ್ರ ಒಳಗ ಬಿಡಂಗಿಲ್ಲಂತ.
ಹೊಸಾ ಜೋಡಿಗೆ ಎಷ್ಟು ಅಂದೆ.
ಹೇಳಿದ್ಲು.
ನಾನು ಎದ್ದು ಹಂಡೆ ಇಳಿಸಿದೆ.

ಬಣ್ಣ ಕಾಸಿದೆ, ಉಪ್ಪು ಹಾಕಿದೆ, ಕೋಲಲೆ ತಿರುವಿದೆ,
ಅರಿವಿ ಅದ್ದಿ ಒಂದು ಮೂಲಿಗೆ ಒರಸಿದೆ.
ಎಮ್ಮಿ ಬೆನ್ನ ಮ್ಯಾಲ ನೀರು ಹೊಯ್ದಂಗ
ಇಳಕೊಂಡು ಹೋತು.
ನೂಲಿಗೆ ಬಾಯಿ ಇರತೈತಿ, ಕುಡೀತೈತಿ.
ರೆಕ್ಸಿನ್ನಿಗೆ ಬಾಯಿಲ್ಲ.
ನಲವತ್ತು ವರ್ಷದ ವಿದ್ಯಾ
ಮೂಲ್ಯಾಗ ಕುಂತು ಆಕಳಿಸ್ತು.

ಬೂಟು ಹೊಲಿಯೋ ಲಕ್ಕಪ್ಪನ್ನ ಕೇಳಿದೆ.
ಪ್ಯಾಡು ಮೂಸಿ ನೋಡಿದ.
"ಮೊದಲ ಇದರ ಎಣ್ಣಿ ತಗಿ.
ಸಾಬಾಣಲೆ ತೊಳಿ, ಸ್ಪಿರಿಟ್ಟಲೆ ಒರಸು,
ಸಣ್ಣ ಪಾಲಿಶ್ ಕಾಗದಲೆ ತಿಕ್ಕು, ಹೊಳಪು ಸಾಯ್ಲಿ.
ಆಮ್ಯಾಲ ತೆಳ್ಳಗ ಹಚ್ಚು. ಒಣಗಲಿ. ಮತ್ತ ತೆಳ್ಳಗ.
ಅವಸರ ಮಾಡಿದ್ರ ಹಪ್ಪಳ ಎದ್ದಂಗ ಏಳತೈತಿ."
ಅಂದು ನೀಲಿ ಡಬ್ಬಿ ಕೈಗಿಟ್ಟ, ರೊಕ್ಕ ಬ್ಯಾಡಂದ.

ನಾನು ಅವಸರ ಮಾಡಲಿಲ್ಲ.
ಐತಾರ ಮಾಡ್ತು.

ಪಟ್ಟಿಗೆ, ಬಕಲ್ಲಿಗೆ ಹ್ವಾದ ವರ್ಷದ ಪಂಚಾಂಗದ ಹಾಳಿ ಸುತ್ತಿದ್ವಿ.
ಆಕಿ ಎಡಗಾಲಿನದು, ನಾನು ಬಲಗಾಲಿನದು.
"ಒಳಗಿನ ಹೆಸರ?" ಅಂದೆ.
"ಇರ್ಲಿ ಕಾಕಾ, ಅದು ಚೆಂಡಿಗೆ ಕಾಣಂಗಿಲ್ಲ."

ಶನಿವಾರ ರಾತ್ರಿ ಮಾಳಿಗಿ ಮ್ಯಾಲ
ಗ್ವಾಡಿಗೆ ಆತು ನಿಂತಿದ್ವು ಎರಡು ನೀಲಿ ಕಾಲು,
ಮೈ ಎಲ್ಲೋ ಹೋಗಿ ಬರತೇನಿ ಅಂದಂಗ.
ನಸಿಕಿನ್ಯಾಗ ಹೋಗಿ ಮುಟ್ಟಿ ನೋಡಿದೆ.
ಬೆರಳಿಗೆ ಹತ್ತಿತು.
"ಒಣಗೇತಿ, ಕಟ್ಟಿಕೋ" ಅಂತ ಕೆಳಗ ಬಂದು ಹೇಳಿದೆ.

ಬಾಗಲಕೋಟಿ, ನವನಗರ, ಮೈದಾನದ ತುಂಬ ಬಿಸಲು.
ಈಕಿ ಹದಿನೇಳು ಹೊಡದ್ಲು.
ಚೊಲೋ ಹದಿನೇಳು, ಒಂದೂ ಪುಕ್ಕಟಿದಲ್ಲ.
ಆಮ್ಯಾಲ ಒಂದು ಚೆಂಡು ಬಿದ್ದು ಒಳಗ ಹೊಳ್ಳಿತು,
ಟಕ್ ಅಂತು.
ಎಲ್ಲಾರೂ ಕೂಗಿದ್ರು.
ಅಂಪೈರು ಸುಮ್ಮ ನಿಂತ.
ಬ್ಯಾಟೋ ಪ್ಯಾಡೋ ಅವಗೂ ತಿಳೀಲಿಲ್ಲ.
ಕೀಪರ್ ಹುಡಿಗಿ ಚೆಂಡು ಎತ್ತಿದಾಕಿ, ತಿರುವಿ ನೋಡಿ,
ಓಡಿ ಹೋಗಿ ಅವನ ಮುಂದ ಹಿಡದ್ಲು.
ಬಿಳೀ ಚೆಂಡಿನ ಗಲ್ಲದ ಮ್ಯಾಲ
ನನ್ನ ನೀಲಿ,
ಕೂಸಿಗಿಟ್ಟ ದಿಷ್ಟಿ ಬೊಟ್ಟಿನಷ್ಟ.

ಬೆರಳು ಎತ್ತಿದ.

ನಮ್ಮಪ್ಪ ಅನ್ನಾಂವ:
ಪಕ್ಕಾ ಬಣ್ಣ ಉಟ್ಟಾಕಿ ಗುಟ್ಟು ಕಾಯತೈತಿ,
ಕಚ್ಚಾ ಬಣ್ಣ ಓಣಿಯೆಲ್ಲಾ ಹೇಳಿ ಬರತೈತಿ.
ನೀರು ಮುಟ್ಟಿಸಿ ತೋರಿಸದ
ಒಂದು ಲಡಿ ನೂಲು ಮಾರಿದಾಂವಲ್ಲ ಅಂವ.

ಬಸ್ಸಿನ್ಯಾಗ ನಮ್ಮ ಕೆಂಪು ಗುಡ್ಡ ಕಾಣೂತನಕ
ಆಕಿ ಮಾತಾಡಲಿಲ್ಲ.
ಕಂಡಮ್ಯಾಲ ಕೇಳಿದ್ಲು,
"ಕಾಕಾ, ಒಣಗಿತ್ತ?"

"ಇಲ್ಲವ್ವಾ."

ಕಿಟಕಿ ಕಡೆ ಮಾರಿ ಮಾಡಿದ್ಲು.
ತುಸು ಹೊತ್ತಾದಮ್ಯಾಲ,
"ಬ್ಯಾಟಿಗೆ ಹತ್ತಿದ್ದಿಲ್ಲ ಬಿಡು.
ನನಗ ಗೊತ್ತಿತ್ತು.
ಅಂಪೈರ್ ಕೇಳಿದ್ರ ಬ್ಯಾಟು ಅಂತಿದ್ದೆ."

ಟಿಕೇಟು ಕೇಳಾಕ ಬಂದ ಕಂಡಕ್ಟರ
ನಮ್ಮಿಬ್ಬರ ಕೈ ನೋಡಿ ನಕ್ಕ.
ತೊಡಿ ಮ್ಯಾಲ ಪ್ಯಾಡು. ಮೊಣಕಾಲು ಮಡಚೂ ಕಡೆ
ನೀಲಿ ಬಿರತು, ಉಗುರಿನಷ್ಟು ಹಕ್ಕಳಿ ಎದ್ದು,
ಹುದ್ದಾರ ಮಾಸ್ತರರ ಹುಲ್ಲಿನ ಕಲೆ
ಹೊರಗ ಬಂದು ಕುಂತಿತ್ತು.