ಬ್ಯಾಗಿನ ಭಾರ

ವೇತಾಳ ಟೇಕಡಿಯ ಇಳಿಜಾರಿನಲ್ಲಿ ಮೂರು ವಾರದಿಂದ
ಒಂದು ಸದ್ದು.
ಬೇರು ದಾಟಿದರೆ ಟಕ್, ಕಲ್ಲು ದಾಟಿದರೆ ಟಕ್,
ಏನೂ ದಾಟದೆ ಸುಮ್ಮನೆ ನಿಂತು ನೀರು ಕುಡಿದರೂ
ಸೀಟಿನ ಕೆಳಗೆ ಹಲ್ಲಿ ಲೊಚಗುಟ್ಟಿದ ಹಾಗೆ.
ಹಲ್ಲಿ ನುಡಿದರೆ ಆಗ ಅಂದುಕೊಂಡದ್ದು ನಿಜ, ಎನ್ನುತ್ತಾರೆ ನಮ್ಮ ಕಡೆ.
ನಾನು ಅಂದುಕೊಳ್ಳುತ್ತಿದ್ದದ್ದು ಒಂದೇ:
ಇದಕ್ಕೆ ದುಡ್ಡು ಬಿಚ್ಚಬೇಕು.

ಕೊಂಡದ್ದೇ ಹಳೆಯದು. ಕೊಥ್ರೂಡಿನ ಒಬ್ಬ ದಂತವೈದ್ಯ
ಭುಜದ ಮೂಳೆ ಮುರಿದುಕೊಂಡು, ಹೆಂಡತಿಯ ಮಾತಿಗೆ ಮಾರಿದ್ದು.
ನಲವತ್ತೊಂಬತ್ತಕ್ಕೆ ಇದೆಲ್ಲ ಬೇಕಿತ್ತಾ ಎಂದು
ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೇಳದವರಿಲ್ಲ.
ಹೊಸ ಶಾಕ್ ಎಷ್ಟೆಂದು ವಿಚಾರಿಸಿದೆ, ಔಂಧಿನ ಗಾಜಿನ ಅಂಗಡಿಯಲ್ಲಿ.
ಹುಡುಗ ಹೇಳಿದ ಬೆಲೆಗೆ
ನನ್ನ ಸ್ಕೂಟರನ್ನೇ ಕೊಟ್ಟು ಮೇಲೆ ಚಿಲ್ಲರೆ ಸೇರಿಸಬೇಕಿತ್ತು.
ಹಾಗೆ ಬಂದದ್ದು ನಾನಾ ಪೇಠೆಗೆ,
ಬುಲೆಟ್ಟುಗಳ ಸೈಲೆನ್ಸರು ತೋರಣದಂತೆ ನೇತಾಡುವ ಗಲ್ಲಿಗೆ,
ಗುರುಬಾಳ ಹತ್ತೂರೆಯ ಹತ್ತಡಿ ಅಂಗಡಿಗೆ.

ಮೊದಲು ಗಾಳಿ ಬಿಟ್ಟ. ಉಸ್ಸೆಂದಿತು,
ಮದುವೆ ಮುಗಿಸಿ ಕೂತ ಹೆಣ್ಣಿನ ಕಡೆಯವರಂತೆ.
ಎರಡು ಬೋಲ್ಟ್ ಬಿಚ್ಚಿ, ಹಳೆಯ ಟ್ಯೂಬು ಸುತ್ತಿ ಹಿಡಿದು
ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ತಿರುವಿದ.
ಒಳಗೆ ಹರಿದ ಸೀಲು, ಕಾಡಿಗೆಯಂಥ ಎಣ್ಣೆ,
ಎಣ್ಣೆಯಲ್ಲಿ ಟೇಕಡಿಯ ಮುರುಮು,
ಎರಡು ಮಳೆಗಾಲದ್ದು, ರಾಗಿ ಹಿಟ್ಟಿನಷ್ಟು ನುಣ್ಣಗೆ.
"ಅಯ್ಯೋ ಶಿವನೇ" ಎಂದುಬಿಟ್ಟೆ.
ಅಲ್ಲಿಯವರೆಗೆ ಮರಾಠಿಯಲ್ಲೇ ಇತ್ತು ನನ್ನ ಬಾಯಿ.
ಅವನು ತಲೆ ಎತ್ತಲಿಲ್ಲ.

ಉಜ್ಜಿದ, ಬೆಳಕಿಗೆ ಹಿಡಿದ, ಉಗುರಿನಿಂದ ಸವರಿ ನೋಡಿದ.
ದಾಂಡಿಗೆ ಗೀರು ಬಿದ್ದಿಲ್ಲವಂತೆ, ಬದುಕುತ್ತದಂತೆ.
ಸೀಲು ಸಿಕ್ಕಿತು ಟೆಂಪೋ ಸಾಮಾನಿನ ಡಬ್ಬಿಯಲ್ಲಿ.
ಟಕ್ ಎನ್ನುತ್ತಿದ್ದ ಬುಶ್ ಮಾತ್ರ ಮೊಟ್ಟೆಯಾಕಾರಕ್ಕೆ ಸವೆದಿತ್ತು;
ಪಕ್ಕದ ಲೇತಿನ ಯಾಕೂಬ್ ಮಿಯಾ ಹಿತ್ತಾಳೆಯಲ್ಲಿ ಹೊಸದು ಕಡೆದ,
ಒಂದು ಕಟಿಂಗ್ ಚಹಾ ಆರುವಷ್ಟರಲ್ಲಿ.

ಜೋಡಿಸಿಯಾಯಿತು. ದಾಂಡಿನ ಮೇಲೊಂದು ಕೆಂಪು ರಬ್ಬರ್ ಬಳೆ,
ಕೂತರೆ ಎಷ್ಟು ಕುಸಿಯಿತೆಂದು ತೋರಿಸಲಿಕ್ಕೆ.
ಮೈ ಎಷ್ಟು ಪೌಂಡೋ ಗಾಳಿ ಅಷ್ಟು ಪೌಂಡು, ಅದು ಅವನ ಲೆಕ್ಕ.
ಸ್ಟೂಲುಗಳ ಮೇಲೆ ಕಾರ್ಬನ್ ಸೈಕಲ್ಲಿನ ಹುಡುಗರಿಬ್ಬರು,
ಸೊಂಟವೇ ಇಲ್ಲದವರು.
ಪಂಪು ಸಿಕ್ಕಿಸುತ್ತ, ದನಿ ತಗ್ಗಿಸಿ, ಜತ್ತದ ಕನ್ನಡದಲ್ಲಿ ಕೇಳಿದ:
"ತೂಕಾ ಎಷ್ಟ್ರೀ ಅಕ್ಕಾರ?"

ಇಷ್ಟು ಮರ್ಯಾದೆ ಯಾವ ಡಾಕ್ಟರೂ ಕೊಟ್ಟಿರಲಿಲ್ಲ ನನಗೆ.
ಅಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ, ನನ್ನದೇ ಭಾಷೆಯಲ್ಲಿ,
"ಅರವತ್ತೆರಡು" ಎಂದೆ.

ನೂರಾ ಮೂವತ್ತಾರು ಪೌಂಡು ತುಂಬಿದ. ಹತ್ತಿ ಕೂತೆ,
ಗೋಡೆ ಹಿಡಿದು, ಉಸಿರು ಬಿಗಿಹಿಡಿದು;
ಹಾಗೆ ಮಾಡಿದರೆ ಹಗುರಾಗುತ್ತೇವೆಂಬ ನಂಬಿಕೆ
ಯಾವ ವಯಸ್ಸಿಗೂ ಹೋಗುವುದಿಲ್ಲ.
ಮೆಲ್ಲಗೆ ಇಳಿದೆ. ಉಕ್ಕಿನ ಸ್ಕೇಲು ಇಟ್ಟ.
ಹನ್ನೆರಡು ಮಿಲಿಮೀಟರಿಗೆ ನಿಲ್ಲಬೇಕಿದ್ದ ಬಳೆ
ಹದಿನಾರಕ್ಕೆ ಹೋಗಿ ಕೂತಿತ್ತು,
ಸಾಕ್ಷಿ ಹೇಳಲು ಬಂದವಳಂತೆ.

ಗುರುಬಾಳ ಬಳೆ ನೋಡಿದ. ನನ್ನನ್ನು ನೋಡಲಿಲ್ಲ.
"ಬ್ಯಾಗ್ ವಜ್ಜಾ ಇರಬೇಕ್ರಿ" ಎಂದು
ಪಂಪು ಮತ್ತೆ ಸಿಕ್ಕಿಸಿ, ಬಾಯೊಳಗೇ ಎಣಿಸುತ್ತ
ಇಪ್ಪತ್ತು ಪೌಂಡು ಹೆಚ್ಚಿಗೆ ಒತ್ತಿದ.
ಒಂಬತ್ತು ಕಿಲೋ, ಸರಿಯಾಗಿ.

ಬ್ಯಾಗಿನಲ್ಲಿ ಇದ್ದದ್ದು ಒಂದು ಬಾಳೆಹಣ್ಣು, ಕನ್ನಡಕದ ಡಬ್ಬಿ.

ಭಾನುವಾರ ಬೆಳಗ್ಗೆ, ಕ್ವಾರಿಯ ಅಂಚಿನ ಆ ಮೂರು ಮೆಟ್ಟಿಲ ಕಲ್ಲು.
ಇಳಿದೆ. ಹಿಂದಿನ ಚಕ್ರ ಒಂದೊಂದನ್ನೂ
ನುಂಗಿತು, ತಡೆಯಿತು, ನಿಧಾನಕ್ಕೆ ಉಗುಳಿತು.
ಎಲ್ಲೋ ನವಿಲು ಕೂಗಿತು, ನಾಯಿ ಬೊಗಳಿತು,
ಸೈಕಲ್ಲು ಮಾತ್ರ ಸುಮ್ಮನಿತ್ತು.
ಬಾಳೆಹಣ್ಣು ಸುಲಿದು ತಿಂದೆ.
ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
"ಎಪ್ಪತ್ತೊಂದು" ಎಂದೆ, ಗಟ್ಟಿಯಾಗಿ, ಕನ್ನಡದಲ್ಲಿ,
ಹಲ್ಲಿಗಾಗಿ ಕಾದೆ.