ಕಿಟಕಿಯಲ್ಲಿ ಕರಿ ತುಂಡು

ಮೂವತ್ತೊಂದು ವರ್ಷ ಬೆಂಕಿ ಆರಿಸಿದವನು ಓಸ್ಮೊ.
ಮರದ ಗೋಪುರದಲ್ಲಿ ಮನೆ ಕೊಳ್ಳೋಣ ಎಂದಾಗ
ಮಾತಾಡಲಿಲ್ಲ. ಬೆಂಕಿಪೊಟ್ಟಣ ತೆಗೆದು
ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ, ಅಷ್ಟೇ.

ಯೊಎನ್ಸೂ ಊರಿನ ಕಟ್ಟುವವರು
ಪರೀಕ್ಷೆಗೆ ಅವನನ್ನೇ ಕರೆದರು.
ಪದರದ ಮೇಲೆ ಪದರ ಅಂಟಿಸಿದ ಸ್ಪ್ರೂಸ್ ಹಲಗೆ,
ಗೇಣು ದಪ್ಪ,
ಕುಲುಮೆಯ ಬಾಯಲ್ಲಿ ಒಂದೂವರೆ ಗಂಟೆ.

ಸಂಜೆ ಬಂದ, ಕಂಕುಳಲ್ಲೊಂದು ತುಂಡು.
ಹೊರಗೆ ಇದ್ದಿಲು, ಮುಟ್ಟಿದರೆ ಮಸಿ;
ಗರಗಸ ಹಾದ ಕಡೆ
ಆಗಷ್ಟೇ ಸಿಪ್ಪೆ ಸುಲಿದ ಬಾದಾಮಿ.
"ಸುಟ್ಟದ್ದೇ ಒಳಗಿನದನ್ನು ಕಾಯುತ್ತದೆ, ತೆಲ್ಲೆರ್ವೊ"
ಎಂದ, ಯಾರನ್ನೋ ಬೈಯುವ ದನಿಯಲ್ಲಿ.

ಈಗ ಹನ್ನೊಂದನೇ ಮಹಡಿ.
ಕೆಳಗೆ ಜನವರಿಯ ನದಿ, ಬಿಳಿ ರಸ್ತೆ.
ಬೀಗದಕೈ ಜೊತೆ ಕೊಟ್ಟ ಕಾಗದದಲ್ಲಿ
ಗೋಡೆಯ ಮರಗಳ ವಯಸ್ಸೂ ಇತ್ತು: ಎಪ್ಪತ್ತನಾಲ್ಕು.
ನನಗಿಂತ ನಾಲ್ಕು ವರ್ಷ ಹಿರಿಯವು.
ಈ ವಯಸ್ಸಿನಲ್ಲಾದರೂ
ಅತ್ತೆ ಮಾವಂದಿರಿಲ್ಲದ ಮನೆ ಎಂದುಕೊಂಡಿದ್ದೆ!
ಚಳಿ ಬಿಗಿದ ರಾತ್ರಿ ಕೆಮ್ಮುತ್ತವೆ,
ಬಾಗಿಲ ಆಚೆ ನಿಂತು ಕೆಮ್ಮುವ ಹಿರಿಯರಂತೆ.

ಕಡಿದ ಜಾಗದಲ್ಲಿ ಸಸಿಗಳು ಮೊಣಕಾಲೆತ್ತರ ಇವೆಯಂತೆ.
ಅವು ಯಾರ ಮನೆಯೋ.
ಬೇಸಿಗೆಗೆ ಹೋಗಿ ನೋಡಬೇಕು,
ಸೊಳ್ಳೆಗೆ ಹೆದರದಿದ್ದರೆ.

ಓಸ್ಮೊ ಮಲಗುವ ಮುನ್ನ
ಮೂಲೆ ಮೂಲೆ ಮೂಸುವುದು ಬಿಟ್ಟಿಲ್ಲ.
ಆ ಕರಿ ತುಂಡು ಕಿಟಕಿಯಲ್ಲಿದೆ,
ಪರದೆಗೆ ಮಸಿ ಹತ್ತಿದೆ, ತೆಗೆಯಲು ಬಿಡುವುದಿಲ್ಲ.

ನಿನ್ನೆ ನಡುರಾತ್ರಿ ಎಚ್ಚರವಾಗಿ ನೋಡಿದೆ:
ಅವನ ಬಲಗೈ,
ಮೊಣಕೈವರೆಗೆ ಹಳೆಯ ಸುಟ್ಟ ಕಲೆಯದು,
ನಿದ್ದೆಯಲ್ಲೇ ಗೋಡೆಗೆ ಒರಗಿತ್ತು,
ಅಂಗೈ ಬಿಚ್ಚಿ.