ಕೊಳವೆಯ ಆ ತುದಿ

ಬುಧವಾರ ಮಧ್ಯಾಹ್ನ ಎರಡಕ್ಕೆ
ರಟ್ಟಿನ ಪೆಟ್ಟಿಗೆ ಹೊತ್ತು ಹೋಗುತ್ತೇನೆ.
ಇವತ್ತು ಅದರೊಳಗೆ
ತಗಡಿನ ಶೂಹಾರ್ನು,
ಗುಂಡಿ ಹೊಲಿದಿಟ್ಟ ಕಾರ್ಡು, ಉಳಿದದ್ದು ಎರಡೇ ಗುಂಡಿ,
ಹ್ಯಾಟಿಗೆ ಚುಚ್ಚುವ ಉದ್ದನೆ ಪಿನ್ನು
(ಮೊನೆಗೆ ಮೇಣ ಮೆತ್ತಿದ್ದೇನೆ, ಇಲ್ಲಿನ ನಿಯಮ),
ಶಾಯಿ ಮಾಸಿದ ಒಂದು ರಸೀದಿ:
ಕೆಸ್ಲರ್ ಅಂಡ್ ಡಾಟರ್ಸ್, ಮೂರನೇ ಬೀದಿ.

ಆ ಪೇಟೆ ನಾನು ಕಂಡಿಲ್ಲ.
ಉಕ್ಕಿನ ಕುಲುಮೆ ಆರಿದಾಗ ನನಗೆ ಎರಡು ವರ್ಷ.
ನಾನು ಕಂಡ ಮೂರನೇ ಬೀದಿ
ಕಾರು ನಿಲ್ಲಿಸುವ ಬಯಲು,
ಬಿಳಿ ಗೆರೆಗಳ ನಡುವೆ ಹುಲ್ಲು.

ಥೆಲ್ಮಾ ಪ್ರಾಸರ್ ಶೂಹಾರ್ನು ಎತ್ತಿ
ಮೊದಲು ಮೂಸಿದರು.
"ಹ್ಲಾವಾಟಿಯ ಅಂಗಡಿ. ಅಲ್ಲೊಂದು ಮರದ ಯಂತ್ರ.
ಕಾಲಿಟ್ಟರೆ ಬೂಟಿನೊಳಗಿನ ಮೂಳೆ ಹಸಿರಾಗಿ ಕಾಣೋದು.
ಬೆರಳು ಕುಣಿಸಿದರೆ ಮೂಳೆಯೂ ಕುಣಿಯೋದು.
ಅಮ್ಮ ಕೊಳ್ಳೋದು ಒಂದೇ ಜೊತೆ,
ನಾನು ಕಾಲಿಡೋದು ಆರು ಸಲ."
"ಅದಕ್ಕೇ ನಿನ್ನ ಪಾದ ಕತ್ತಲಲ್ಲಿ ಹೊಳೆಯೋದು"
ಎಂದ ಓರ್ವಿಲ್ ಸ್ಟಾನೆಕ್ ನಕ್ಕು, ನಗು ಕೆಮ್ಮಾಗಿ,
ನರ್ಸು ನೀರು ತರಬೇಕಾಯಿತು.

ಆಮೇಲೆ ಜಗಳ.
ಕಡಲೆಬೀಜ ಹುರಿಯುವವನು ಬ್ಯಾಂಕಿನ ಎಡಕ್ಕೋ ಬಲಕ್ಕೋ?
ಹಲಗೆಯ ಮೇಲೆ ಗೆರೆ ಎಳೆದೆ, ಒರೆಸಿದೆ.
ಮೂರು ಸಲ ಪೇಟೆ ಕಟ್ಟಿ ಮೂರು ಸಲ ಕೆಡವಿದೆ.
ಊರು ಕೆಡವಿದ್ದು ಒಂದೇ ಸಲ.

ಐಸ್‌ಕ್ರೀಮು ಕೌಂಟರಿನ ಮಾತು ಬಂತು,
ಗರಗರ ತಿರುಗುವ ಕೆಂಪು ಸ್ಟೂಲುಗಳು.
"ನೋಡಿದ್ದೇನೆ, ತಿರುಗಿಲ್ಲ" ಎಂದರು ಆಂಬ್ರೋಸ್ ಟಿಬ್ಸ್.
"ನಮಗೆ ಪೊಟ್ಟಣ ಕಟ್ಟಿ ಕೈಗೆ ಕೊಡೋರು.
ಮನೆ ಮುಟ್ಟುವ ಹೊತ್ತಿಗೆ ಕರಗಿರೋದು."
ಯಾರೂ ಏನೂ ಅನ್ನಲಿಲ್ಲ.
ನಾನು ಸೀಮೆಸುಣ್ಣ ಹುಡುಕುವವರ ಹಾಗೆ ಹುಡುಕಿದೆ.

ಕೊನೆಗೆ ಯಾರೋ ಕೊಳವೆಯ ಸುದ್ದಿ ಎತ್ತಿದರು.
ಕೆಸ್ಲರ್ ಅಂಗಡಿಯಲ್ಲಿ ಗಲ್ಲಾ ಇರಲಿಲ್ಲ.
ಹಣ, ಚೀಟಿ ಹಿತ್ತಾಳೆ ಡಬ್ಬಿಗೆ ತುಂಬಿ
ಗೋಡೆಯ ಬಾಯಿಗಿಟ್ಟರೆ ಹುಪ್ ಅಂತ ನುಂಗಿ,
ನೂರು ಎಣಿಸುವಷ್ಟರಲ್ಲಿ ಠಣ್ ಅಂತ ಚಿಲ್ಲರೆ ಉಗುಳೋದು.
"ಎಲ್ಲಿಗೆ ಹೋಗುತ್ತಿತ್ತೋ ಅದು, ದೇವರೇ ಬಲ್ಲ!"

"ನನ್ನ ಹತ್ತಿರ."

ಕಿಟಕಿಯ ಪಕ್ಕದ ಲಿಯೊಕಾಡಿಯಾ ವೊಯ್ತಾಸ್.
ಆರು ತಿಂಗಳಿಂದ ಆಕೆ ಆಡಿದ್ದು
"ಸೂಪು ತಣ್ಣಗಿದೆ" ಇಷ್ಟೇ.

"ನೆಲಮಾಳಿಗೆಯಲ್ಲಿ ಏಳು ಹುಡುಗಿಯರು, ಇಪ್ಪತ್ತೆರಡು ಕೊಳವೆ.
ಮೇಲೆ ಮಳೆಯೋ ಬಿಸಿಲೋ, ನೋಟು ಮುಟ್ಟಿದರೆ ಗೊತ್ತು.
ಮೀನಿನ ನೋಟು, ಹಿಟ್ಟಿನ ನೋಟು,
ಸಂಬಳದ ಶುಕ್ರವಾರ ಎಣ್ಣೆ ಹತ್ತಿದ ಕುಲುಮೆಯ ನೋಟು.
ಮುಷ್ಕರದ ಬೇಸಿಗೆಯಲ್ಲಿ ಕೊಳವೆಗಳು ಬರೀ ಉಸಿರಾಡುತ್ತಿದ್ದವು.
ನಿಮ್ಮ ಯಾರ ಮುಖವೂ ನೋಡಿದವಳಲ್ಲ ನಾನು.
ಥೆಲ್ಮಾ ಪ್ರಾಸರ್, ನಿನ್ನ ಮದುವೆಯ ಕೈಗವಸು
ಹನ್ನೊಂದು ಕಂತು."
"ಹತ್ತು."
"ಹನ್ನೊಂದು."
ಎಂಬತ್ತೊಂಬತ್ತರ ಕೆನ್ನೆ ಕೆಂಪೇರಿತು.

"ಒಂದು ಚಳಿಗಾಲ, ನಾಲ್ಕನೇ ಕೊಳವೆ, ಗಂಡಸರ ಹ್ಯಾಟು ವಿಭಾಗ.
ಶನಿವಾರ ಬಾಗಿಲು ಹಾಕುವ ಹೊತ್ತಿಗೆ
ಡಬ್ಬಿಯೊಳಗೆ ಒಂದು ಪೆಪ್ಪರ್‌ಮಿಂಟು.
ಚೀಟಿಯಿಲ್ಲ, ಕಾಸಿಲ್ಲ.
ಖಾಲಿ ಡಬ್ಬಿ ವಾಪಸು ಕಳಿಸುತ್ತಿದ್ದೆ.
ಅದಕ್ಕೆ ಚಿಲ್ಲರೆ ಅಂತ ಏನು ಕೊಡೋದು?"

ಎಲ್ಲರೂ ಓರ್ವಿಲ್ ಕಡೆ ತಿರುಗಿದರು.
ಕುಲುಮೆ ಸೇರುವ ಮುಂಚೆ ಹ್ಯಾಟು ಮಾರಿದವರು.
ಅವರು ತಮ್ಮ ಅಂಗೈ ನೋಡಿಕೊಂಡರು.
"ಇರಬಹುದು. ಆ ವರ್ಷ ನಾನಲ್ಲಿದ್ದೆ
ಅಂತ ಮಗಳು ಹೇಳುತ್ತಾಳೆ."
ಲಿಯೊಕಾಡಿಯಾ ಕನ್ನಡಕ ಸರಿಪಡಿಸಿ
ತುಂಬ ಹೊತ್ತು ನೋಡಿದರು.
"ಅಲ್ಲ. ಇವನು ಹಾಗೆ ಕಾಣೋದಿಲ್ಲ."

ಚಹಾ ಗಾಡಿ ಬಂತು. ಸೂಪಿನ ಮಾತು ಮತ್ತೆ ಶುರುವಾಯಿತು.
ಪೆಟ್ಟಿಗೆಗೆ ಒಂದೊಂದೇ ತುಂಬಿದೆ.
ಶೂಹಾರ್ನು ಇದೆ, ಪಿನ್ನಿದೆ, ರಸೀದಿ ಇದೆ.
ಕಾರ್ಡಿನಲ್ಲಿ ಗುಂಡಿ ಒಂದೇ.
ಯಾರ ಜೇಬು ತಡಕಲಿ?
ಕಳೆದದ್ದನ್ನು ಬರೆದಿಡಲು ಒಂದು ರಿಜಿಸ್ಟರಿದೆ.
ಪೆನ್ನು ತೆಗೆದೆ,
ತಾರೀಖು ಹಾಕಿದೆ,
ಅಷ್ಟೇ.